ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನಿಗೆ ರಕ್ಷಣೆ ಎಲ್ಲಿಯದು?

(ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯಲ್ಲಿ ಅರಣ್ಯ ಕೂಲಿಗಾರರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಅರ್ಧ ದಿನದ ಕೂಲಿಯನ್ನು ಬಿಟ್ಟು ನೀವು ಇಲ್ಲಿ ಬಂದು ಕುಳಿತಿದ್ದೀರಿ. ಕೂಲಿಯಿಂದಲೇ ಒಲೆ ಹೊತ್ತಿಸುವ ಮನೆಗೆ ಅರ್ಧ ದಿನದ ಕೂಲಿ ಎಂದರೆ ಸಣ್ಣ ಮಾತಲ್ಲ. ಆದುದರಿಂದ ಸುತ್ತು ಬಳಸಿನ ಮಾತು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ.

ಕಾಡಿನ ಕೆಲಸಗಾರರ ಜೀವರಕ್ಷಣೆ ಎಂದೊಡನೆ ದೊಡ್ಡವರೆಲ್ಲರೂ ಬೂಟು, ಕೈಗವಸು, ತಲೆಗೆ ಟೋಪಿ ಎಂದು ಪಟ್ಟಿ ಹೇಳುವುದಕ್ಕೆ ಪ್ರಾರಂಭಿಸುತ್ತಾರೆ. ಅವೆಲ್ಲವೂ ಬೇಕು; ಅವನ್ನು ಕೇಳಿ ಪಡೆಯಲೇಬೇಕು. ಆದರೆ ಅವೆಲ್ಲಕ್ಕಿಂತ ಮೊದಲು ಬೇಕಾದ ಸಲಕರಣೆಯೊಂದಿದೆ. ಅದಕ್ಕೆ ಕಾಸು ಖರ್ಚಿಲ್ಲ. ಅದು ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರು. ಹೆಸರಿದ್ದವನಿಗೆ ಬೂಟು ಕೇಳುವ ಹಕ್ಕುಂಟು, ಬಿದ್ದರೆ ಔಷಧೋಪಚಾರ ಕೇಳುವ ಹಕ್ಕುಂಟು, ಸತ್ತರೆ ಹೆಂಡತಿ ಮಕ್ಕಳಿಗೆ ನಷ್ಟಪರಿಹಾರ ಉಂಟು. ಹೆಸರಿಲ್ಲದವನು ಬೆಳಗಿನಿಂದ ಸಂಜೆಯವರೆಗೆ ಕೂಲಿಗಾರನಾಗಿರುತ್ತಾನೆ. ಅಪಘಾತವಾದ ಕ್ಷಣದಲ್ಲಿ ದಾರಿಹೋಕನಾಗಿಬಿಡುತ್ತಾನೆ. ಈ ದಿನ ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಇಲ್ಲಿ ಕಾಡೆಲ್ಲಿದೆ ಎಂದು ಕೇಳುವವರಿಗೆ

ಚಳ್ಳಕೆರೆ, ಮೊಳಕಾಲ್ಮುರು ಎಂದರೆ ಬಯಲು ಸೀಮೆ, ಇಲ್ಲಿ ಕಾಡೆಲ್ಲಿದೆ, ಕಾಡಿನ ಕೂಲಿಗಾರ ಎಲ್ಲಿದ್ದಾನೆ ಎಂದು ಕೇಳುವ ಬುದ್ಧಿವಂತರಿದ್ದಾರೆ. ಅವರ ಕಣ್ಣಿಗೆ ಕಾಡು ಎಂದರೆ ಮಲೆನಾಡಿನ ತೇಗ, ಬೀಟೆ, ಆನೆ, ಹುಲಿ. ಆದರೆ ಕಾನೂನಿನ ಕಣ್ಣು ಹಾಗೆ ನೋಡುವುದಿಲ್ಲ. ಮೈಸೂರು ಅರಸರ ಕಾಲದ ‘ಬೆಣ್ಣೆ ಚಾವಡಿ’ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿಕೊಂಡಿತು. ಅದರ ದನಗಳಿಗೆಂದು ಕಾದಿಟ್ಟ ಹುಲ್ಲುಗಾವಲೇ ಕಾವಲು. ಈ ಅಮೃತಮಹಲ್ ಕಾವಲುಗಳನ್ನು 1969ರ ಕರ್ನಾಟಕ ಅರಣ್ಯ ನಿಯಮಗಳಲ್ಲಿ ಜಿಲ್ಲಾ ಅರಣ್ಯವೆಂದೇ ಬರೆದಿದ್ದಾರೆ. ಹುಲ್ಲೂ ಕಾಡೇ, ಕುರುಚಲೂ ಕಾಡೇ, ಕಲ್ಲುಗುಡ್ಡವೂ ಕಾಡೇ.

ಆ ಕಾವಲಿನ ಕಥೆ ನಿಮಗೆ ನಾನು ಹೇಳಬೇಕಾಗಿಲ್ಲ. 2009ರಿಂದೀಚೆಗೆ ಉಳ್ಳಾರ್ತಿ ಕಾವಲು, ಖುದಾಪುರ, ವರವು ಕಾವಲುಗಳಲ್ಲಿ ಸುಮಾರು 10,000 ಎಕರೆ ನೆಲ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆ ಮತ್ತು ಸೌರ ವಿದ್ಯುತ್ತಿನ ಕಂಪೆನಿಗಳ ಪಾಲಾಯಿತು. ಗೋಡೆಗಳು ಎದ್ದವು. ಮೊಕದ್ದಮೆ ಹಸಿರು ನ್ಯಾಯಮಂಡಳಿಯವರೆಗೆ ಹೋಗಿ 2014ರಲ್ಲಿ ತೀರ್ಪೂ ಬಂತು. ಅದರ ಸರಿ ತಪ್ಪುಗಳನ್ನು ಚರ್ಚಿಸುವುದಕ್ಕೆ ಇದು ಸ್ಥಳವಲ್ಲ. ನಮ್ಮ ವಿಷಯಕ್ಕೆ ಸಂಬಂಧಪಟ್ಟ ಒಂದು ಮಾತು ಮಾತ್ರ ಹೇಳುತ್ತೇನೆ. ಮೇಯಿಸುವ ನೆಲ ಕುಗ್ಗಿದಾಗ ಕುರಿ, ದನ ನಂಬಿದ್ದವನು ಕೂಲಿಗೆ ಇಳಿಯಲೇಬೇಕು. ಆ ಕೂಲಿ ಎಲ್ಲಿದೆ? ಸಸಿ ತೋಟದಲ್ಲಿ ಚೀಲಕ್ಕೆ ಮಣ್ಣು ತುಂಬುವುದರಲ್ಲಿ. ಬಿರು ಬಿಸಿಲಿನಲ್ಲಿ ನೆಡುತೋಪಿನ ಗುಂಡಿ ತೋಡುವುದರಲ್ಲಿ. ಬೇಸಗೆಗೆ ಮೊದಲು ಬೆಂಕಿರೇಖೆ ಕೆತ್ತುವುದರಲ್ಲಿ. ಬೆಂಕಿ ಬಿದ್ದರೆ ಸೊಪ್ಪು ಹಿಡಿದು ಬಡಿಯುವುದರಲ್ಲಿ. ಬಳ್ಳಾರಿ ಜಾಲಿ ಕಡಿದು ಇದ್ದಿಲು ಸುಡುವುದರಲ್ಲಿ. ಮರದ ತುಂಡನ್ನು ಲಾರಿಗೆ ಏರಿಸುವುದರಲ್ಲಿ. ಇವರೆಲ್ಲರೂ ಕಾಡಿನ ಕೂಲಿಗಾರರೇ. ಮೈಸೂರಿನಲ್ಲಿ ಅರಣ್ಯ ಇಲಾಖೆ ಹುಟ್ಟಿದ್ದು 1864ರಲ್ಲಿ. ಅಂದಿನಿಂದ ಇಲಾಖೆಯ ಸಾಹೇಬರ ಹೆಸರುಗಳು ದಾಖಲೆಯಲ್ಲಿ ಸಿಗುತ್ತವೆ. ಗಿಡ ನೆಟ್ಟ ಕೈಗಳ ಹೆಸರು ಹುಡುಕಲು ಹೋದರೆ ಪುಸ್ತಕವೇ ಸಿಗುವುದಿಲ್ಲ.

ಅಪಾಯಗಳು ಯಾವುವು?

ಅಪಾಯ ಎಂದರೆ ಹುಲಿ ಬಾಯಿಗೆ ಸಿಕ್ಕುವುದೇ ಎಂದು ಪಟ್ಟಣದವರು ತಿಳಿದಿದ್ದಾರೆ. ನಮ್ಮ ಕಡೆಯ ಅಪಾಯಗಳು ಅಷ್ಟು ಭರ್ಜರಿಯಾದವಲ್ಲ. ಪ್ರತಿದಿನ ಸ್ವಲ್ಪ ಸ್ವಲ್ಪವಾಗಿ ಕೊಲ್ಲುವಂಥವೇ ಹೆಚ್ಚು.

ಮೊದಲನೆಯದು ಬಿಸಿಲು. ಮಳೆಗಾಲಕ್ಕೆ ಮುಂಚೆ ಗುಂಡಿ ಸಿದ್ಧವಾಗಿರಬೇಕು. ಆದ್ದರಿಂದ ಗುಂಡಿ ತೋಡುವ ಕೆಲಸ ಬೀಳುವುದು ಸರಿಯಾಗಿ ಬಿರುಬೇಸಗೆಯಲ್ಲಿ. ಗುಂಡಿಗಿಷ್ಟು ಎಂದು ಕೂಲಿ ಗೊತ್ತುಮಾಡಿದರೆ ಯಾರು ತಾನೆ ನೆರಳಿಗೆ ಹೋಗಿ ಕುಳಿತಾರು? ಕುಳಿತಷ್ಟು ಹೊತ್ತೂ ಕೂಲಿ ಮುರಿಯಿತೆಂದೇ ಲೆಕ್ಕ. ಹೀಗೆ ಕೂಲಿಯ ಲೆಕ್ಕಾಚಾರವೇ ಮನುಷ್ಯನನ್ನು ಬಿಸಿಲಿಗೆ ದೂಡುತ್ತದೆ. ಬಿಸಿಲಲ್ಲಿ ಮೈಮುರಿದು ದುಡಿಯುವವನು ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟದಷ್ಟು ನೀರು ಕುಡಿಯಬೇಕೆಂದು ವೈದ್ಯರು ಹೇಳುತ್ತಾರೆ. ಬಾಯಾರಿಕೆ ಆಗಲೆಂದು ಕಾಯಬಾರದು. ತಲೆ ಸುತ್ತು, ವಾಕರಿಕೆ, ಮೀನಖಂಡ ಸೆಟೆದುಕೊಳ್ಳುವುದು ಕಂಡರೆ ಕೂಡಲೇ ಕೆಲಸ ನಿಲ್ಲಿಸಬೇಕು. ಮೈ ಕಾದು, ಮಾತು ತೊದಲಿ, ಅರೆಪ್ರಜ್ಞೆಯಾದರೆ ಅದು ಪ್ರಾಣಾಂತಿಕ. ಅಂಥವನನ್ನು ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ ಆಸ್ಪತ್ರೆಗೆ ಸಾಗಿಸಬೇಕು. ಪ್ರಜ್ಞೆ ಇಲ್ಲದವನ ಬಾಯಿಗೆ ನೀರು ಹಾಕಕೂಡದು.

ಎರಡನೆಯದು ಹಾವು. ಕಲ್ಲು, ಮುಳ್ಳು, ಒಣ ಹುಲ್ಲು ಇರುವ ಈ ನೆಲ ಗರಗಸ ಮಂಡಲಕ್ಕೆ ಹೇಳಿ ಮಾಡಿಸಿದ ಜಾಗ. ನಾಗರ, ಕಟ್ಟುಹಾವು, ಕೊಳಕುಮಂಡಲ ಇವೂ ಸೇರಿದರೆ ನಮ್ಮ ದೇಶದಲ್ಲಿ ಅತಿ ಹೆಚ್ಚು ಜನರನ್ನು ಕೊಲ್ಲುವ ನಾಲ್ಕು ಹಾವುಗಳಾದವು. ಈ ನಾಲ್ಕಕ್ಕೂ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ಒಂದೇ. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ಇದು ಒಳ್ಳೆಯ ಕೆಲಸ. ಎಣಿಕೆ ಇದ್ದಲ್ಲಿ ಔಷಧಿ ಬರುತ್ತದೆ. ಆದರೆ ಕಡಿಸಿಕೊಂಡವನು ಮೊದಲು ಮಂತ್ರ ಹಾಕುವವನ ಮನೆಗೆ ಹೋಗಿ ಎರಡು ಗಂಟೆ ಕಳೆದರೆ ಔಷಧಿ ಸಿಗುವುದು ತಡವಾಗಿ ಪ್ರಾಣಕ್ಕೇ ಅಪಾಯ. ಕಡಿದ ಜಾಗವನ್ನು ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಗ್ಗದಿಂದ ಬಿಗಿದು ಕಟ್ಟಬೇಡಿ. ಕಾಲನ್ನು ಅಲುಗಿಸದಂತೆ ಕೋಲು ಕಟ್ಟಿ, ಮಲಗಿಸಿಕೊಂಡು ಹೋಗಿ. 108ಕ್ಕೆ ಫೋನು ಮಾಡಿ; ಗಾಡಿ ಬರುವುದು ತಡವಾದರೆ ಸಿಕ್ಕ ಗಾಡಿಯಲ್ಲಿ ಹೊರಡಿ.

ಮೂರನೆಯದು ಮುಳ್ಳು. ಜಾಲಿ ಮುಳ್ಳು ತೆಳ್ಳನೆಯ ಚಪ್ಪಲಿಯನ್ನು ಹಾದು ಅಂಗಾಲಿಗೆ ಇಳಿಯುತ್ತದೆ. ಅದನ್ನು ಯಾರೂ ಅಪಘಾತವೆಂದು ಬರೆಯುವುದಿಲ್ಲ. ಆದರೆ ಒಳಗೆ ಮುರಿದ ಮುಳ್ಳು ಕೀವಾಗಿ, ಸಕ್ಕರೆ ಕಾಯಿಲೆಯವನಾದರೆ ಕಾಲನ್ನೇ ಕಳೆಯಬಹುದು. ಕಣ್ಣಿಗೆ ಬಡಿದರೆ ಕಣ್ಣು ಹೋಗಬಹುದು. ದಪ್ಪ ಅಡಿಯ ಬೂಟು, ಕಣ್ಣಿಗೊಂದು ಕನ್ನಡಕ, ಧನುರ್ವಾಯುವಿನ ಚುಚ್ಚುಮದ್ದು ಇಷ್ಟಿದ್ದರೆ ತಪ್ಪುವ ಅನಾಹುತ ಇದು.

ನಾಲ್ಕನೆಯದು ಇದ್ದಿಲಿನ ಗೂಡು. ಹಸಿ ಮಣ್ಣು ಮುಚ್ಚಿ ಸೌದೆಯನ್ನು ಅರೆಬೆಂಕಿಯಲ್ಲಿ ಸುಡುವಾಗ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಗಾಳಿ ಹುಟ್ಟುತ್ತದೆ. ಗೂಡಿನ ಪಕ್ಕದಲ್ಲೇ ಗುಡಿಸಲು ಹಾಕಿ ಮಕ್ಕಳನ್ನು ಮಲಗಿಸುವುದು ಅಪಾಯ. ಈ ಕೆಲಸಕ್ಕೆ ಮುಂಗಡ ಕೊಟ್ಟು ದೂರದ ಊರುಗಳಿಂದ ಸಂಸಾರ ಸಂಸಾರವನ್ನೇ ತಂದು ಇಟ್ಟುಕೊಳ್ಳುವ ಪದ್ಧತಿಯೂ ಉಂಟು. ಮುಂಗಡ ತೀರುವವರೆಗೆ ಹೊರಗೆ ಹೋಗಕೂಡದು ಎಂದು ಹಿಡಿದಿಟ್ಟರೆ ಅದು ಕೂಲಿಯಲ್ಲ, ಜೀತ. 1976ರ ಕಾಯ್ದೆ ಜೀತವನ್ನು ರದ್ದು ಮಾಡಿ, ಆ ಸಾಲವನ್ನೂ ರದ್ದು ಮಾಡಿದೆ. ಅಂಥವರು ಪರಊರಿನವರು, ಪರಭಾಷೆಯವರು ಎಂದು ನೀವು ಮುಖ ತಿರುಗಿಸಕೂಡದು. ಅವರ ಕೂಲಿ ಇಳಿದರೆ ನಾಳೆ ನಿಮ್ಮದೂ ಇಳಿಯುತ್ತದೆ.

ಇನ್ನು ವಿಷದ ಡಬ್ಬಿ. ಸಸಿ ತೋಟದಲ್ಲಿ ಗೆದ್ದಲಿಗೂ ಹುಳುವಿಗೂ ಹೊಡೆಯುವ ಔಷಧಿಯನ್ನು ಹೆಣ್ಣುಮಕ್ಕಳು ಬರಿಗೈಯಿಂದ ಕಲಸುವುದನ್ನು ಎಲ್ಲಿ ಕಂಡರೂ ತಡೆಯಿರಿ. ಕಾಸರಗೋಡಿನ ಗೇರು ತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಎಂಡೋಸಲ್ಫಾನ್ ವಿಷವನ್ನು ಹೆಲಿಕಾಪ್ಟರಿನಿಂದ ಎರಚಿದರು. ನಮ್ಮ ದಕ್ಷಿಣ ಕನ್ನಡದ ಗೇರು ತೋಟಗಳಲ್ಲೂ ಎರಚಿದರು. ಸರ್ವೋಚ್ಚ ನ್ಯಾಯಾಲಯ ಅದನ್ನು ನಿಲ್ಲಿಸಿದ್ದು 2011ರ ಮೇ ತಿಂಗಳಿನಲ್ಲಿ. ಅಷ್ಟರಲ್ಲಿ ಊರು ಊರುಗಳೇ ನರಳಿದ್ದವು.

ಮಲೆನಾಡಿನ ಸಂಗಾತಿಗಳಿಗೆ ಇನ್ನೊಂದು ಕಾಟವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣ್ಣೆಯಿಂದ ಹರಡಿ, ಕಾಡಿಗೆ ಸೊಪ್ಪು ಸೌದೆಗೆಂದು ಹೋದವರನ್ನೇ ಮೊದಲು ಹಿಡಿಯುತ್ತದೆ. ಉಣ್ಣೆ ಹತ್ತದಂತೆ ಮೈಗೆ ಹಚ್ಚಿಕೊಳ್ಳುವುದಕ್ಕೆ ಅಲ್ಲಿ ಹಂಚುವ ಡೀಪಾ ಎಣ್ಣೆಯನ್ನು ಕಂಡುಹಿಡಿದದ್ದು ರಕ್ಷಣಾ ಸಂಶೋಧನಾ ಸಂಸ್ಥೆಯ ಗ್ವಾಲಿಯರ್ ಪ್ರಯೋಗಾಲಯ. ನಮ್ಮ ಕಾವಲಿನಲ್ಲಿ ಗೋಡೆ ಹಾಕಿ ವಿಮಾನ ಪರೀಕ್ಷೆಗೆ ನೆಲ ಪಡೆದದ್ದೂ ಅದೇ ಸಂಸ್ಥೆ. ವಿಜ್ಞಾನ ಮನಸ್ಸು ಮಾಡಿದರೆ ಕೂಲಿಗಾರನ ಮೈಗೆ ಬೇಕಾದದ್ದನ್ನೂ ಮಾಡಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅದು ಕೂಲಿಗಾರನ ಕೈಗೆ ತಲುಪಬೇಕು, ಅಷ್ಟೇ.

ಬೆಂಕಿಗೆ ಭೇದವಿಲ್ಲ, ಪುಸ್ತಕಕ್ಕೆ ಇದೆ

ಈಗ ಬೆಂಕಿಯ ಮಾತು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಒಬ್ಬ ಯುವಕ ಅರಣ್ಯ ರಕ್ಷಕ ಸುಟ್ಟು ಸತ್ತ. 2020ರ ಫೆಬ್ರವರಿಯಲ್ಲಿ ಕೇರಳದ ತ್ರಿಶ್ಶೂರು ಜಿಲ್ಲೆಯಲ್ಲಿ ಮೂವರು ಕಾವಲುಗಾರರು ಸತ್ತರು. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆ ಇನ್ನೊಬ್ಬ ಅರಣ್ಯ ರಕ್ಷಕ ಹೋದ. 2024ರ ಜೂನ್ 13ರಂದು ಉತ್ತರಾಖಂಡದ ಬಿನ್ಸಾರ್ ಕಾಡಿನಲ್ಲಿ ನಾಲ್ವರು ಬೆಂದು ಹೋದರು. ಆ ನಾಲ್ವರಲ್ಲಿ ಒಬ್ಬರು ಬೀಟಿನ ಅಧಿಕಾರಿ, ಒಬ್ಬ ಬೆಂಕಿ ಕಾವಲುಗಾರ, ಒಬ್ಬ ದಳದ ಜವಾನ, ಒಬ್ಬ ದಿನಗೂಲಿಯವನು. ಬೆಂಕಿ ನಾಲ್ವರನ್ನೂ ಒಂದೇ ಸಮನಾಗಿ ಸುಟ್ಟಿತು. ಆದರೆ ನಾಲ್ವರ ಹೆಸರುಗಳಿದ್ದದ್ದು ಬೇರೆ ಬೇರೆ ಪುಸ್ತಕಗಳಲ್ಲಿ.

ಅಧಿಕಾರಿಗಳಿಗೆ ಅಪಾಯವಿಲ್ಲ ಎಂದು ನಾನು ಹೇಳುವುದಿಲ್ಲ. 2018ರ ಮಾರ್ಚಿಯಲ್ಲಿ ನಾಗರಹೊಳೆಯ ನಿರ್ದೇಶಕರಾಗಿದ್ದ ಎಸ್. ಮಣಿಕಂದನ್ ಅವರು ಕರ್ತವ್ಯದ ಮೇಲಿರುವಾಗ ಆನೆಯ ದಾಳಿಗೆ ತುತ್ತಾದರು. ಗಾರ್ಡು, ಫಾರೆಸ್ಟರು, ರೇಂಜರು ಇವರೂ ನಮ್ಮಂತೆಯೇ ಕಾಡಿನಲ್ಲಿ ಸಾಯುವವರು. ಅವರನ್ನು ವೈರಿಗಳೆಂದು ತಿಳಿಯುವುದು ತಪ್ಪು. ಅವರಲ್ಲಿಯೂ ಎಷ್ಟೋ ಜನಕ್ಕೆ ಒಳ್ಳೆಯ ಬೂಟಿಲ್ಲ, ವಾಕಿಟಾಕಿ ಇಲ್ಲ. 1730ರಲ್ಲಿ ಜೋಧಪುರದ ಖೇಜಡ್ಲಿಯಲ್ಲಿ ಮರ ಉಳಿಸಲು 363 ಬಿಷ್ಣೋಯಿ ಜನ ಪ್ರಾಣ ಕೊಟ್ಟರು. ಅದರ ನೆನಪಿಗೆ 2013ರಿಂದ ಸೆಪ್ಟೆಂಬರ್ 11ನ್ನು ಅರಣ್ಯ ಹುತಾತ್ಮರ ದಿನವೆಂದು ಆಚರಿಸುತ್ತಾರೆ. ಹೂವಿನ ಹಾರ, ತುಪಾಕಿಯ ಗೌರವ ಎಲ್ಲ ನಡೆಯುತ್ತದೆ. ನಡೆಯಲಿ. ಆದರೆ ಸತ್ತ ಮೇಲೆ ಹಾರ ಹಾಕುವ ಸರ್ಕಾರ ಬದುಕಿರುವಾಗ ಬೂಟು ಹಾಕಿಸುವುದನ್ನು ಮರೆಯಬಾರದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಲಿಲ್ಲ.

ಬೆಂಕಿಯ ಕೆಲಸಕ್ಕೆ ಹೋಗುವವರಿಗೆ ನಾಲ್ಕು ಮಾತು. ಒಬ್ಬನೇ ಹೋಗಬೇಡಿ. ಗಾಳಿ ಎತ್ತಲಿಂದ ಬೀಸುತ್ತಿದೆ ಎಂದು ನೋಡುವುದಕ್ಕೇ ಒಬ್ಬನನ್ನು ಎತ್ತರದಲ್ಲಿ ನಿಲ್ಲಿಸಿ. ಬೆಂಕಿ ಗುಡ್ಡ ಹತ್ತುವುದು ಮನುಷ್ಯನಿಗಿಂತ ಬೇಗ. ಅದರ ಮುಂದೆ ಮೇಲಕ್ಕೆ ಓಡಬೇಡಿ. ಕೆಲಸ ಪ್ರಾರಂಭಿಸುವ ಮೊದಲೇ ತಪ್ಪಿಸಿಕೊಳ್ಳುವ ದಾರಿಯನ್ನು ಗೊತ್ತುಮಾಡಿಕೊಳ್ಳಿ. ಪೂರ್ತಿ ಉರಿದು ಕರಕಾಗಿ ಆರಿದ ನೆಲ ಆಶ್ರಯಕ್ಕೆ ಒಳ್ಳೆಯದು. ನೈಲಾನು, ಟೆರಿಲಿನ್ನು ಬಟ್ಟೆ ಉಟ್ಟು ಹೋಗಬೇಡಿ. ಅದು ಕರಗಿ ಮೈಗೆ ಅಂಟುತ್ತದೆ. ಹತ್ತಿ ಬಟ್ಟೆ ಉಡಿ. ಗಿಡ ಸುಟ್ಟರೆ ಮತ್ತೆ ನೆಡಬಹುದು ಎಂಬುದನ್ನು ಯಾವ ಸಾಹೇಬನೂ ಮರೆಯಕೂಡದು.

ಕಾನೂನು ಏನು ಹೇಳುತ್ತದೆ?

ಕಾನೂನು ನಮ್ಮ ಪರವಾಗಿಲ್ಲವೇ ಎಂದು ನೀವು ಕೇಳಬಹುದು. ಇದೆ, ಮತ್ತು ಬಹಳ ಹಿಂದಿನಿಂದ ಇದೆ. ಬ್ರಿಟಿಷರ ಕಾಲದಲ್ಲಿ, 1923ರಲ್ಲಿ, ಕೂಲಿಗಾರರ ನಷ್ಟಪರಿಹಾರ ಕಾಯ್ದೆ ಬಂತು. ಯಾರು ಯಾರಿಗೆ ಪರಿಹಾರ ಸಿಗಬೇಕು ಎಂದು ಅದರ ಎರಡನೆಯ ಅನುಸೂಚಿಯಲ್ಲಿ ಪಟ್ಟಿ ಬೆಳೆಯುತ್ತ ಬಂತು. ಆ ಪಟ್ಟಿಯಲ್ಲಿ ಮರ ಕಡಿಯುವವರು ಸೇರಿದರು, ನೀರಿನ ಮೇಲೆ ದಿಮ್ಮಿ ಸಾಗಿಸುವವರು ಸೇರಿದರು, ಕಾಡಿನ ಬೆಂಕಿಯನ್ನು ತಡೆಯುವವರು, ಆರಿಸುವವರು ಸೇರಿದರು, ಆನೆ ಹಿಡಿಯುವವರೂ ಸೇರಿದರು. ಸರ್ಕಾರದ ಇಲಾಖೆ ಎಂದರೆ ವ್ಯಾಪಾರಿಯಲ್ಲ, ಆದ್ದರಿಂದ ಹೊಣೆಯಿಲ್ಲ ಎಂದು ಜಾರಿಕೊಳ್ಳುವುದಕ್ಕೂ ಆ ಕಾಯ್ದೆ ಅವಕಾಶ ಕೊಡಲಿಲ್ಲ. ಕಂತ್ರಾಟುದಾರನ ಮೂಲಕ ಕೆಲಸ ಮಾಡಿಸಿದರೂ ಮೂಲ ಮಾಲೀಕನೇ ಮೊದಲು ಪರಿಹಾರ ಕೊಟ್ಟು, ಆ ಮೇಲೆ ಕಂತ್ರಾಟುದಾರನಿಂದ ವಸೂಲು ಮಾಡಿಕೊಳ್ಳಬೇಕು ಎಂಬ ತತ್ವವನ್ನೂ ಅದು ಹೇಳಿತು. 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಾಗ ಹಳೆಯ ಕಾಯ್ದೆ ಅದರೊಳಗೆ ಸೇರಿಹೋಯಿತು. ಪರಿಹಾರದ ಲೆಕ್ಕದ ರೀತಿ ಮುಂದುವರಿದಿದೆ. ಟ್ರಾಕ್ಟರಿನಲ್ಲಿ, ಟೆಂಪೋದಲ್ಲಿ ಕುರಿಗಳಂತೆ ತುಂಬಿಕೊಂಡು ಕೆಲಸಕ್ಕೆ ಹೋಗುವಾಗ ಬರುವಾಗ ಆಗುವ ಅಪಘಾತವೂ, ಅದಕ್ಕೂ ಕೆಲಸಕ್ಕೂ ಇರುವ ಸಂಬಂಧವನ್ನು ತೋರಿಸಿಕೊಟ್ಟರೆ, ಲೆಕ್ಕಕ್ಕೆ ಬರುತ್ತದೆ.

ಲೆಕ್ಕ ಎಂದೆನಲ್ಲ, ಅದನ್ನೂ ಹೇಳುತ್ತೇನೆ. ಸತ್ತವನ ತಿಂಗಳ ವೇತನದ ಅರ್ಧವನ್ನು ಅವನ ವಯಸ್ಸಿಗೆ ಗೊತ್ತುಮಾಡಿದ ಅಂಕಿಯಿಂದ ಗುಣಿಸಬೇಕು. ನಲವತ್ತು ವರ್ಷದವನಿಗೆ ಆ ಅಂಕಿ 184.17. ಹಳೆಯ ಕಾಯ್ದೆಯ ಕೆಳಗೆ 2020ರಲ್ಲಿ ವೇತನದ ಮಿತಿಯನ್ನು ತಿಂಗಳಿಗೆ 15,000 ರೂಪಾಯಿ ಎಂದು ಗೊತ್ತುಮಾಡಿದರು. ಅದರಂತೆ ಅರ್ಧ 7,500. ಗುಣಿಸಿದರೆ 13,81,275 ರೂಪಾಯಿ. ಕೂಲಿಗಾರನ ಜೀವಕ್ಕೆ ಬೆಲೆ ಕಟ್ಟುವುದು ಮನುಷ್ಯತ್ವವಲ್ಲ, ನಾನೂ ಬಲ್ಲೆ. ಆದರೆ ವಿಧವೆಯಾದ ತಾಯಿಗೆ ಈ ಹಣ ಮಕ್ಕಳ ಅನ್ನ, ಮಕ್ಕಳ ಶಾಲೆ. ಹಾಜರಿ ಪುಸ್ತಕದಲ್ಲಿ ಗಂಡನ ಹೆಸರಿಲ್ಲದಿದ್ದರೆ ಅವಳ ಕೈಗೆ ಬರುವುದು ಮೇಸ್ತ್ರಿ ಕೊಟ್ಟ ಮಣ್ಣಿನ ಖರ್ಚು ಮಾತ್ರ. ಒಂದು ಸಾಲು ಬರೆಯದೇ ಹೋದದ್ದರ ಬೆಲೆ 13 ಲಕ್ಷ 81 ಸಾವಿರ ರೂಪಾಯಿ ಎಂದು ತಿಳಿಯಿರಿ.

ಅದೇ ದಿನ ಜಾರಿಗೆ ಬಂದ ಕೆಲಸದ ಸುರಕ್ಷತೆಯ ಸಂಹಿತೆ ಪ್ರತಿಯೊಬ್ಬನಿಗೂ ನೇಮಕದ ಪತ್ರ ಕೊಡಬೇಕು ಎನ್ನುತ್ತದೆ. ಆದರೆ ಅದು ಸಾಮಾನ್ಯವಾಗಿ ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆ ಅನ್ವಯಿಸುವುದಿಲ್ಲ. ಒಂಬತ್ತೊಂಬತ್ತು ಜನರ ಗುಂಪು ಮಾಡುವ ಕಂತ್ರಾಟುದಾರನಿಗೆ ಅಷ್ಟೇ ಸಾಕು. ಸರ್ಕಾರದ ಕಚೇರಿಗಳಿಗೂ ಅನ್ವಯಿಸುವುದಿಲ್ಲ ಎಂದು ಬರೆದಿದ್ದಾರೆ. ಗುಂಡಿ ತೋಡುವ ಕಾವಲು ಕಚೇರಿಯೇ? ಅಲ್ಲಿ ಮೇಜು ಕುರ್ಚಿ ಇದೆಯೇ? ಆ ಕಚೇರಿಗಳಲ್ಲೂ ಕಂತ್ರಾಟುದಾರನ ಮೂಲಕ ಬಂದ ಕೂಲಿಗಾರರಿಗೆ ಅನ್ವಯಿಸುತ್ತದೆ ಎಂದು ಅದೇ ಕಲಮು ಹೇಳುತ್ತದೆ. ಈ ಮಾತನ್ನು ನಾವು ಗಟ್ಟಿಯಾಗಿ ಹಿಡಿಯಬೇಕು.

ಅರಣ್ಯ ಇಲಾಖೆ ಕಾರ್ಖಾನೆಯಲ್ಲ, ಅದಕ್ಕೆ ಕಾರ್ಮಿಕ ಕಾನೂನು ಇಲ್ಲ ಎಂಬ ವಾದವನ್ನು ಮಹಾರಾಷ್ಟ್ರ ಸರ್ಕಾರ ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿತ್ತು. 1990ರ ದಶಕದ ನಡುವೆ, ಪುಣೆಯ ಹತ್ತಿರದ ಸಾಮಾಜಿಕ ಅರಣ್ಯ ಯೋಜನೆಯ ಕೂಲಿಗಾರರ ಮೊಕದ್ದಮೆಯಲ್ಲಿ, ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ನಮ್ಮ ರಾಜ್ಯದಲ್ಲಿ ದಿನಗೂಲಿಗಳ ಹೋರಾಟದ ಫಲವಾಗಿ 2012ರಲ್ಲಿ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಕಾಯ್ದೆ ಬಂತು. ಬಹುಕಾಲದಿಂದ ದುಡಿದವರಿಗೆ ಅದರಿಂದ ಸ್ವಲ್ಪ ನೆಲೆ ಸಿಕ್ಕಿತು. ಆ ನೆಲೆ ಸಿಕ್ಕಿದ್ದು ಯಾರಿಗೆ? ಹಳೆಯ ಮಸ್ಟರ್ ರೋಲಿನಲ್ಲಿ ಹೆಸರಿದ್ದವರಿಗೆ. ಮತ್ತೆ ಪುಸ್ತಕದ ಮಾತಿಗೇ ಬಂದೆವು.

ಜಗತ್ತಿನ ಮಾತೂ ಕೇಳಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1998ರಲ್ಲಿಯೇ ಕಾಡಿನ ಕೆಲಸದ ಸುರಕ್ಷತೆಗೆ ಒಂದು ನಿಯಮಾವಳಿ ಪ್ರಕಟಿಸಿತು. 2022ರ ಜೂನಿನಲ್ಲಿ ಸುರಕ್ಷಿತವಾದ ಕೆಲಸದ ಸ್ಥಳವನ್ನು ಕಾರ್ಮಿಕನ ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು. ಜೀವಕ್ಕೆ ಅಪಾಯ ಕಣ್ಣೆದುರಿಗೆ ಕಂಡಾಗ ಕೂಲಿಗಾರ ಹಿಂದೆ ಸರಿದರೆ ಅದಕ್ಕಾಗಿ ಅವನನ್ನು ದಂಡಿಸಕೂಡದು ಎಂಬುದು ಅದರ ಒಂದು ಮುಖ್ಯ ತತ್ವ. ಸ್ವಿಟ್ಜರ್ಲೆಂಡಿನಲ್ಲಿ ಬರೆದ ಈ ಮಾತು ಉಳ್ಳಾರ್ತಿಯ ಗುಡ್ಡದಲ್ಲಿ ನಡೆಯಬೇಕಾದರೆ ನಡೆಸುವವರು ನೀವೇ.

ನಾವು ಕೇಳುವುದೇನು?

ನಮ್ಮ ಬೇಡಿಕೆಗಳು ಐದು. ಯಾವುದೂ ಆಕಾಶದಿಂದ ತರಬೇಕಾದದ್ದಲ್ಲ.

ಒಂದು: ಇಲಾಖೆಯದಾಗಲಿ, ಪಂಚಾಯಿತಿಯದಾಗಲಿ, ಕಂತ್ರಾಟುದಾರನದಾಗಲಿ, ಕಾಡಿನ ಯಾವ ಕೆಲಸಕ್ಕೂ ಬೆಳಿಗ್ಗೆ ಕೆಲಸ ಪ್ರಾರಂಭವಾಗುವ ಮೊದಲೇ ಸ್ಥಳದಲ್ಲಿ ಹಾಜರಿ ಬರೆಯಬೇಕು. ಸಂಜೆ ಬರೆಯುವ ಹಾಜರಿ ಸತ್ತವನ ಹೆಸರನ್ನು ಬಿಟ್ಟುಬಿಡುತ್ತದೆ. ಕೂಲಿಗಾರನಿಗೆ ಹೆಸರು, ತಾರೀಖು, ಕೆಲಸದ ಸ್ಥಳ ಇರುವ ಚೀಟಿ ಕೊಡಬೇಕು.

ಎರಡು: ಬೂಟು, ಕೈಗವಸು, ಜಾಲಿ ಕಡಿಯುವವರಿಗೆ ಕಣ್ಣಿನ ಕಾಪು, ಗರಗಸ ಯಂತ್ರ ಹಿಡಿಯುವವರಿಗೆ ಕಾಲಿನ ರಕ್ಷೆ ಮತ್ತು ತರಬೇತಿ ಇವು ಪುಕ್ಕಟೆಯಾಗಿ ಸಿಗಬೇಕು, ಕೂಲಿಯಲ್ಲಿ ಮುರಿದುಕೊಳ್ಳಕೂಡದು. ಇದರ ಖರ್ಚನ್ನು ಕೆಲಸದ ಅಂದಾಜಿನಲ್ಲಿಯೇ ಬರೆಯಬೇಕು. ಗುದ್ದಲಿಗೆ ಕಾವು ಹಾಕಿಸುವ ಖರ್ಚು ಅಂದಾಜಿನಲ್ಲಿ ಬರುವುದಾದರೆ ಕಾಲಿಗೆ ಬೂಟು ಏಕೆ ಬಾರದು?

ಮೂರು: ನೀರು, ನೆರಳು, ಔಷಧಿ ಪೆಟ್ಟಿಗೆ. 2005ರ ಉದ್ಯೋಗ ಖಾತರಿ ಕಾಯ್ದೆಯ ಅನುಸೂಚಿಯಲ್ಲಿ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆ ಕೊಡಬೇಕೆಂದೂ, ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ನೋಡಿಕೊಳ್ಳಲು ಒಬ್ಬಾಕೆಯನ್ನು ನೇಮಿಸಬೇಕೆಂದೂ ಬರೆದಿದ್ದರು. ಕಾಯ್ದೆಗಳ ಹೆಸರು ಬದಲಾಗಬಹುದು. ಮನುಷ್ಯನ ಬಾಯಾರಿಕೆ ಬದಲಾಗುವುದಿಲ್ಲ. ಬೇಸಗೆಯಲ್ಲಿ ಗುಂಡಿಯ ಕೆಲಸ ಬೆಳಗಿನ ತಂಪಿನಲ್ಲಿ ಮುಗಿಯಬೇಕು, ವಿಶ್ರಾಂತಿಯ ಹೊತ್ತಿಗೂ ಕೂಲಿ ಸಲ್ಲಬೇಕು.

ನಾಲ್ಕು: ಬೆಂಕಿಯ ಕಾಲಕ್ಕೆ ತೆಗೆದುಕೊಳ್ಳುವ ಕಾವಲುಗಾರರಿಗೆ ಮೊದಲು ತರಬೇತಿ, ಸುದ್ದಿ ಮುಟ್ಟಿಸುವ ಸಾಧನ, ವಿಮೆ. ತರಬೇತಿಯಿಲ್ಲದವನನ್ನು ಬೆಂಕಿಗೆ ಕಳಿಸುವುದನ್ನು ನಿಲ್ಲಿಸಬೇಕು.

ಐದು: ನಮ್ಮ ಹತ್ತಿರದ ಆಸ್ಪತ್ರೆಗಳಲ್ಲಿ ಹಾವಿನ ಪ್ರತಿವಿಷ ಯಾವಾಗಲೂ ಇರಬೇಕು, ಅದು ಎಲ್ಲಿದೆ ಎಂಬ ಬೋರ್ಡು ಪ್ರತಿ ಸಸಿ ತೋಟದಲ್ಲಿಯೂ ಇರಬೇಕು.

ನಾವು ಮಾಡಬೇಕಾದದ್ದೇನು?

ಕೇಳುವುದರ ಜೊತೆಗೆ ಮಾಡುವುದೂ ಉಂಟು. ಕೊಟ್ಟ ಬೂಟನ್ನು ಮನೆಯಲ್ಲಿಟ್ಟು ಹಬ್ಬಕ್ಕೆ ಹಾಕುವವರು ನಮ್ಮಲ್ಲಿದ್ದಾರೆ. ಕೊಟ್ಟ ರಕ್ಷಣೆಯನ್ನು ಬೇಕೆಂದೇ ತೆಗೆದಿಟ್ಟು ಗಾಯ ಮಾಡಿಕೊಂಡರೆ, ಕುಡಿದು ಕೆಲಸಕ್ಕೆ ಹೋಗಿ ಬಿದ್ದರೆ, ಪರಿಹಾರಕ್ಕೆ ಅಡ್ಡಿ ಬರುತ್ತದೆ. ನಮ್ಮ ಹಕ್ಕಿನ ಮಾತಿಗೆ ಬಲ ಬರುವುದು ನಮ್ಮ ಶಿಸ್ತಿನಿಂದ.

ಹದಿನೆಂಟು ದಾಟಿದವರು ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಅಪಘಾತದ ಸಾವಿಗೆ 2 ಲಕ್ಷ ರೂಪಾಯಿಯ ಕೇಂದ್ರ ಸರ್ಕಾರದ ವಿಮೆ ಸಿಗುತ್ತದೆ. 2021ರಲ್ಲಿ ಪ್ರಾರಂಭವಾದ ಇ-ಶ್ರಮ್ ಪಟ್ಟಿಯಲ್ಲಿ ಹೆಸರು ಬರೆಸಿ. ಇವು ಕಾನೂನಿನ ಪರಿಹಾರಕ್ಕೆ ಬದಲಿಯಲ್ಲ, ಆದರೂ ಬಿಡಬಾರದು. ಗಾಯವಾದರೆ ಅದೇ ದಿನ ಆಸ್ಪತ್ರೆಯ ಚೀಟಿಯಲ್ಲಿ ‘ಕೆಲಸದ ಸ್ಥಳದಲ್ಲಿ ಆದ ಗಾಯ’ ಎಂದು ಬರೆಸಿ. ಮನೆಯಲ್ಲಿ ಬಿದ್ದೆ ಎಂದು ಹೇಳಿಬಿಡು ಎಂದು ಮೇಸ್ತ್ರಿ ಪುಸಲಾಯಿಸಿದರೆ ಕೇಳಬೇಡಿ. ವಕೀಲರಿಗೆ ದುಡ್ಡೆಲ್ಲಿದೆ ಎಂದು ಹೆದರಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೂ ಹೆಂಗಸರಿಗೂ, ಆದಾಯ ಎಷ್ಟೇ ಇರಲಿ, ಪುಕ್ಕಟೆ ವಕೀಲರು ಸಿಗುತ್ತಾರೆ. ಚಳ್ಳಕೆರೆಯೂ ಮೊಳಕಾಲ್ಮುರೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಇಲ್ಲಿಯ ಕೂಲಿಗಾರರಲ್ಲಿ ಬಹುಪಾಲು ಜನರಿಗೆ ಈ ಸಹಾಯ ಸಲ್ಲಲೇಬೇಕು. ನ್ಯಾಯಾಲಯದ ಕಟ್ಟಡದಲ್ಲಿರುವ ಕಾನೂನು ಸೇವೆಗಳ ಸಮಿತಿಯನ್ನು ಕೇಳಿ. 15100ಕ್ಕೆ ಫೋನು ಮಾಡಿದರೂ ದಾರಿ ತೋರಿಸುತ್ತಾರೆ.

ಕೊನೆಯ ಮಾತು. ಸರ್ಕಾರ ಪುಸ್ತಕ ಬರೆಯುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಪ್ರತಿಯೊಂದು ಗುಂಪಿನಲ್ಲಿಯೂ ಓದು ಬರಹ ಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಇದ್ದಾರೆ. ಅವರ ಕೈಗೆ ಒಂದು ನೋಟುಬುಕ್ಕು ಕೊಡೋಣ. ದಿನಾ ಬೆಳಿಗ್ಗೆ ತಾರೀಖು, ಸ್ಥಳ, ಕೆಲಸ, ಕೆಲಸ ಹೇಳಿದವರ ಹೆಸರು, ಬಂದವರ ಹೆಸರು ಬರೆಯಲಿ; ಇಬ್ಬರು ರುಜು ಹಾಕಲಿ, ರುಜು ಬಾರದವರು ಹೆಬ್ಬೆಟ್ಟು ಒತ್ತಲಿ. ಹುಲ್ಲುಗಾವಲಿನ ಒಂದು ಫೋಟೋ ತೆಗೆದು ಇಟ್ಟುಕೊಳ್ಳಲಿ. ಈಗ ಫೋನು ಎಲ್ಲರ ಜೇಬಿನಲ್ಲಿದೆ. ನಾಳೆ ಅಧಿಕಾರಿಯ ಮುಂದೆ, ಇವನು ನಮ್ಮ ಕೂಲಿಗಾರನೇ ಅಲ್ಲ ಎಂದು ಯಾರಾದರೂ ಹೇಳಿದರೆ ಆ ನೋಟುಬುಕ್ಕು ಸಾಕ್ಷಿಯಾಗಿ ನಿಲ್ಲುತ್ತದೆ.

ಅಂಥ ಮೂರು ಪುಸ್ತಕಗಳನ್ನು ಈ ದಿನ ತಂದಿದ್ದೇವೆ. ಸಸಿ ತೋಟದವರಿಗೆ ಒಂದು, ಗುಂಡಿಯವರಿಗೆ ಒಂದು, ಜಾಲಿ ಕಡಿಯುವವರಿಗೆ ಒಂದು. ಸಭೆ ಮುಗಿದೊಡನೆ ಯಾರೂ ಎದ್ದು ಹೋಗಬೇಡಿ. ಹೆಸರು ಬರೆಸಿ, ಪುಸ್ತಕ ಇಟ್ಟುಕೊಳ್ಳುವವರು ಯಾರೆಂದು ನೀವೇ ಆರಿಸಿ, ಆಮೇಲೆ ಹೊರಡಿ.